ಕತ್ತಲಾಗಿರಬೇಕಿದ್ದ ಕಿಟಕಿ

ಮೊದಲೇ ಹೇಳಿಬಿಡುತ್ತೇನೆ, ಆ ಕಿಟಕಿಯಲ್ಲಿ ದೀಪ ಹಾಕಿದವನು ನಾನು. ಹಾಕು ಎಂದು ಯಾರೂ ಹೇಳಿರಲಿಲ್ಲ. ಹಾಕಬಾರದು ಎಂದು ಹೇಳಿದವರೊಬ್ಬರಿದ್ದರು, ಆದರೆ ಅವರು ಹೇಳಿದ್ದು ನನಗಲ್ಲ, ನಾನೂ ಕೇಳಲಿಲ್ಲ. ಕೇಳುವುದಕ್ಕೆ ಪುರುಸೊತ್ತೆಲ್ಲಿ? ಆಗ ನಾನು ಬೇರೆಯವರ ದನಿಯಲ್ಲಿ ಮಾತಾಡುವುದರಲ್ಲಿ ಮುಳುಗಿಹೋಗಿದ್ದೆ.

ನನಗಾಗ ಇಪ್ಪತ್ತೆರಡು. ಶಿವಮೊಗ್ಗದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಮದುವೆ ಕಾಗದ ಹೊಂದಿಸುತ್ತಿದ್ದೆ. ಅದು ಹೊಟ್ಟೆಪಾಡು. ಪ್ರತಿಭೆ ಬೇರೆಯೇ ಇತ್ತು, ಅನುಕರಣೆ. ಭದ್ರಾವತಿ ಬಸ್ಸಿನ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಮೂಗಿನಲ್ಲೇ ಮಂತ್ರ ಹೇಳುವ ಪುರೋಹಿತರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಬಚ್ಚಲುಮನೆಯಿಂದ ಅಪ್ಪನ ಹಾಗೆ ಒಂದು ಸಲ ಕೆಮ್ಮಿದರೆ ಅಮ್ಮ ಟವೆಲ್ಲು ಹಿಡಿದು ಬರುತ್ತಿದ್ದಳು. ನಿನ್ನ ಸ್ವಂತ ದನಿ ಹೇಗಿದೆ, ತೋರಿಸು ಎಂದು ಯಾರಾದರೂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ನನ್ನ ಪುಣ್ಯ, ಯಾರಿಗೂ ಅದರಲ್ಲಿ ಆಸಕ್ತಿಯಿರಲಿಲ್ಲ.

ಸಂಜೆಯಾದರೆ ದುರ್ಗಿಗುಡಿಯ ಮಹಡಿಯೊಂದರ ಮೇಲಿದ್ದ ಸೈಬರ್ ಕೆಫೆ. ಅದರ ಮಾಲೀಕರು ಮೊದಲು ವೀಡಿಯೋ ಕ್ಯಾಸೆಟ್ ಬಾಡಿಗೆ ಕೊಡುತ್ತಿದ್ದವರು. ಕ್ಯಾಸೆಟ್ಟಿನ ಕಾಲ ಮುಗಿಯಿತು ಎಂದು ಎಲ್ಲರಿಗಿಂತ ಮೊದಲು ವಾಸನೆ ಹಿಡಿದು ಆರು ಕಂಪ್ಯೂಟರು ತಂದಿಟ್ಟಿದ್ದರು. ನನ್ನನ್ನು ಕರೆಯುತ್ತಿದ್ದುದೇ 'ಮಿಮಿಕ್ರಿ' ಎಂದು. 'ಬಾ ಮಿಮಿಕ್ರಿ, ಇವತ್ತು ಯಾರಾಗಿ ಬಂದಿದ್ದೀಯ?'

ಆ ಕೆಫೆಯಲ್ಲಿ ಏನೋ ಹುಡುಕುತ್ತ ಏನೋ ಸಿಕ್ಕು ನನಗೆ ಕಲಾಸಕ್ತರ ಒಂದು ಜಾಲದ ಪರಿಚಯವಾಯಿತು. ಇಂಟರ್ನೆಟ್ಟಿಗೆಂದೇ ಮಾಡುವ ಕಲೆ ಎಂಬುದೊಂದು ಆಗ ಹುಟ್ಟಿಕೊಂಡಿತ್ತು. ಗೋಡೆಯ ಮೇಲಿನ ಚಿತ್ರವನ್ನು ಸ್ಕ್ಯಾನ್ ಮಾಡಿ ಹಾಕುವುದಲ್ಲ, ಪರದೆಯ ಮೇಲೆಯೇ ಹುಟ್ಟಿ ಅಲ್ಲೇ ಬದುಕುವ ಕೆಲಸ. ಅಂಥವನ್ನು ಆರಿಸಿ ಒಂದು ಕಡೆ ಕಾಪಾಡಿಡಲು ಬೇರೆ ಬೇರೆ ದೇಶದ ಕೆಲವು ಊರಿನವರು ಸೇರಿಕೊಂಡಿದ್ದರು. ಆಫೀಸಿಲ್ಲ, ಅಧ್ಯಕ್ಷರಿಲ್ಲ, ಶಾಲು ಹೊದಿಸುವವರಿಲ್ಲ. ಒಂದೊಂದು ಊರಿಗೆ ಮೂವರ ಗುಂಪು. ತಮ್ಮ ಊರಿನ ಕೆಲಸವನ್ನು ಗುಂಪು ಮುಂದಿಡಬಹುದು, ಆದರೆ ಆರಿಸುವ ಹಾಗಿಲ್ಲ. ಬೇರೆ ಎರಡು ಊರಿನವರು ಅದನ್ನು ನೋಡಬೇಕು, ನೋಡಿದ್ದನ್ನು ಬರೆಯಬೇಕು, ಒಪ್ಪಬೇಕು. ಇಬ್ಬರೂ ಒಪ್ಪಿದ ಗಳಿಗೆಯಲ್ಲಿ ಆ ಕೆಲಸದ ಒಂದು ಪ್ರತಿ ಎಲ್ಲರ ಉಗ್ರಾಣಕ್ಕೆ ಹೋಗುತ್ತದೆ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಮಾಡಿದವರು ಕೂಡ. ಪುಕ್ಕಟೆ ಜಾಗದಲ್ಲಿ ಇಟ್ಟ ಪುಟಗಳು ಇವತ್ತಿದ್ದು ನಾಳೆ ಇಲ್ಲವಾಗುತ್ತಿದ್ದ ಕಾಲ ಅದು, ಅದಕ್ಕೇ ಈ ಕಟ್ಟು. ಒಳ್ಳೆಯ ನಿಯಮ. ಈಗಲೂ ಹಾಗೇ ಹೇಳುತ್ತೇನೆ. ನನ್ನಂಥವನ ಕೈಗೆ ಸಿಗಬಾರದಿತ್ತು, ಅಷ್ಟೆ.

ಶಿವಮೊಗ್ಗದ್ದೂ ಒಂದು ಗುಂಪಿದೆ ಎಂದು ಬರೆದುಬಿಟ್ಟೆ. ಬರೆದಾದ ಮೇಲೆ ಗುಂಪು ಹುಡುಕಿದೆ. ಒಬ್ಬ ನಾನು. ಇನ್ನೊಬ್ಬರು ಕೆಫೆ ಮಾಲೀಕರು. ಅವರು, 'ಸೈನ್ ಎಲ್ಲಿ ಹಾಕ್ಬೇಕು ಹೇಳು ಭಾಯ್, ಪೊಲೀಸ್ ಕೇಸ್ ಆಗ್ಬಾರ್ದು ಅಷ್ಟೆ' ಎಂದು ಒಪ್ಪಿಕೊಂಡರು. ಮೂರನೆಯವರು ಅಕ್ಕ.

ಅಕ್ಕ ನನ್ನ ಸ್ವಂತ ಅಕ್ಕ ಅಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿದ್ದು ಬೋರ್ಡು ಬದಲಾಯಿಸಿ ಕಂಪ್ಯೂಟರ್ ಸೆಂಟರ್ ಆದ ಒಂದು ಕಡೆ ಪಾಠ ಹೇಳುತ್ತಿದ್ದರು. ನಾನು ಆರು ತಿಂಗಳು ಬಸ್ಸಲ್ಲಿ ಹೋಗಿ ಬಂದು ಅವರ ಹತ್ತಿರ ವೆಬ್ ಪುಟ ಮಾಡಲು ಕಲಿತಿದ್ದೆ. ನನಗಿಂತ ಐದಾರು ವರ್ಷ ದೊಡ್ಡವರು. ಮನೆ ಜನ್ನಾಪುರದಲ್ಲಿ. ತಂದೆ ಊರಿನ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ, ಯಾರು ಎಷ್ಟು ಹೊತ್ತಿಗೆ ಗೇಟಿನ ಒಳಗೆ ಬಂದರು ಎಂದು ಬರೆಯುವ ಕೆಲಸದಲ್ಲಿದ್ದು ನಿವೃತ್ತರಾಗಿದ್ದರು. ಹೊತ್ತಿನ ವಿಷಯದಲ್ಲಿ ಮಗಳೂ ಹಾಗೆಯೇ. ಐದು ನಿಮಿಷ ತಡವಾಗಿ ಹೋದರೆ, 'ಬಸ್ ಪಂಕ್ಚರ್ ಆಯ್ತು ಅನ್ಬೇಡ ಮಾರಾಯ, ಹೋದ ವಾರಾನೇ ಆ ಟೈರ್ ಮುಗ್ಸಿದ್ದೀಯ' ಎನ್ನುತ್ತಿದ್ದರು.

ಅಕ್ಕನದ್ದೊಂದು ಕೆಲಸ ತಯಾರಾಗಿತ್ತು. ಪೂರ್ತಿ ಕಪ್ಪು ಪುಟ, ಅದರ ಮೇಲೆ ಎರಡು ಸಾಲಿನಲ್ಲಿ ಇಪ್ಪತ್ತೆರಡು ಪುಟ್ಟ ಕಿಟಕಿ. ಅವರ ಬೀದಿಯ ಇಪ್ಪತ್ತೆರಡು ಅಡುಗೆಮನೆಯ ಕಿಟಕಿಗಳು. ಒಂದಕ್ಕೆ ಮೂರೇ ಸರಳು, ಒಂದರ ಜಾಲರಿ ಹರಿದಿದೆ, ಒಂದರ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿ. ಆರು ಗಂಟೆಯ ಪಾಳಿಗೆ ಹೋಗುವವರ ಮನೆಯ ಕಿಟಕಿಯಲ್ಲಿ ನಾಲ್ಕೂಮುಕ್ಕಾಲಿಗೆ ಬೆಳಕು. ಹಾಗೆ ಒಂದೊಂದಾಗಿ ಹತ್ತುತ್ತವೆ, ಬೆಳಕು ಹರಿದ ಮೇಲೆ ಆರುತ್ತವೆ, ಹಗಲಿಡೀ ಏನೂ ಇಲ್ಲ. ಸಂಜೆ ಆರೂವರೆಯಿಂದ ಮತ್ತೆ ಒಂದೊಂದೇ. ಯಾವ ದೇಶದಲ್ಲಿ ಕೂತು ತೆರೆದರೂ ಪುಟ ನಡೆಯುವುದು ಭದ್ರಾವತಿಯ ಗಡಿಯಾರದ ಪ್ರಕಾರ. ಯಾವ ಮನೆಯಲ್ಲಿ ಯಾವಾಗ ದೀಪ ಎಂಬುದನ್ನು ಅಕ್ಕ ಊಹಿಸಿ ಹಾಕಿರಲಿಲ್ಲ. ಒಂದಿಡೀ ವರ್ಷ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಮನೆಮನೆಗೂ ಹೋಗಿ, 'ನಿಮ್ಮ ಕಿಟಕಿ ಹಾಕ್ಲಾ?' ಎಂದು ಕೇಳಿ ಒಪ್ಪಿಗೆ ಪಡೆದಿದ್ದರು. ಪುಟದ ಕೆಳಗೆ ಕನ್ನಡದಲ್ಲಿ ಒಂದೇ ಸಾಲು: 'ಹೊತ್ತಿಗೆ ಬನ್ನಿ.'

ಸೆಂಟರಿಗೆ ಇನ್ನೂ ಇಂಟರ್ನೆಟ್ ಬಂದಿರಲಿಲ್ಲ. ಅಕ್ಕ ಫ್ಲಾಪಿಯೊಂದನ್ನು ಕೊಟ್ಟು, ಪುಟ ಇಡಲು ತೆಗೆದುಕೊಂಡಿದ್ದ ಪುಕ್ಕಟೆ ಜಾಗದ ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದುಕೊಟ್ಟರು.

'ಹೊತ್ತಿಗೆ ಬನ್ನಿ ಅನ್ನೋದನ್ನ ಇಂಗ್ಲಿಷಲ್ಲಿ ಬರ್ದು ಕಳ್ಸು. ನಮ್ಮ ಸಂಜೆ ಆರೂವರೆ ಅವರಿಗೆ ಎಷ್ಟು ಗಂಟೆ ಆಗುತ್ತೆ ಅಂತಾನೂ ಹಾಕು. ಅದಿಲ್ದಿದ್ರೆ ಏನೂ ಕಾಣಲ್ಲ ಅವರಿಗೆ.'

'ಆಯ್ತಕ್ಕ.'

'ನಂದು ಅಂತ ಮಾಡಿರೋದು ಇದೊಂದೇ ಕಣೋ. ಬೇರೆಲ್ಲ ಸಿಲಬಸ್ಸು.'

'ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕ?'

'ಇಲ್ಲ. ಆದ್ರೆ ಬೇರೆ ಯಾರೂ ಇಲ್ವಲ್ಲ' ಎಂದು ನಕ್ಕರು.

ಫ್ಲಾಪಿಯಲ್ಲಿದ್ದುದನ್ನು ಕೆಫೆಯಿಂದ ಇದ್ದ ಹಾಗೆಯೇ ಏರಿಸಿದೆ. ಅಕ್ಕ ಹೇಳಿದ ಎರಡು ಸಾಲನ್ನು ಬರೆಯಲು ಕೂತೆ. ಎರಡು ಸಾಲಿನಲ್ಲಿ ನಿಲ್ಲುವ ಜಾತಿಯೇ ನಾನು? ಜಾಲದವರು ಬರೆಯುತ್ತಿದ್ದ ಉದ್ದುದ್ದ ಕಾಗದಗಳನ್ನು ಓದಿ ಓದಿ ಅವರ ಧಾಟಿ ನನಗೆ ಬಾಯಿಪಾಠವಾಗಿತ್ತು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇಂಗ್ಲಿಷ್ ಬರುವವರ ಅನುಕರಣೆ ಬರುತ್ತಿತ್ತು. ಅಕ್ಕನ ಹೆಸರಿನಲ್ಲಿ, ಅಕ್ಕನೇ ಬರೆದ ಹಾಗೆ, ಒಂದು ಪುಟ ಬರೆದೆ. ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: 'ನಾನು ಕುಲುಮೆಯ ಮಗಳು. ನನ್ನ ಊರಿನಲ್ಲಿ ಕಬ್ಬಿಣ ಕರಗುವಾಗ ಹೆಂಗಸರ ಎದೆಯೂ ಕರಗುತ್ತದೆ. ಈ ಕಿಟಕಿಗಳು ನಮ್ಮ ಕಣ್ಣುಗಳು.' ಅಕ್ಕನ ತಂದೆ ಇಡೀ ಸರ್ವಿಸ್ಸಿನಲ್ಲಿ ಕುಲುಮೆಯ ಹತ್ತಿರ ಹೋಗಿದ್ದೇ ಇಲ್ಲ, ಫ್ಯಾನಿನ ಕೆಳಗೆ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದವರು. ಕೆಫೆ ಮಾಲೀಕರಿಗೆ ಹೆಣ್ಣು ದನಿಯಲ್ಲಿ ಅಭಿನಯಿಸಿ ಓದಿದೆ. ಅವರು ಕುರ್ಚಿಯಿಂದ ಜಾರುವಷ್ಟು ನಕ್ಕರು. ನಗು ಬಂದಿತಲ್ಲ, ಅಲ್ಲಿಗೆ ನನ್ನ ಬುದ್ಧಿ ಮುಗಿಯಿತು. ಕಳಿಸಿಬಿಟ್ಟೆ. ಅಕ್ಕ ಹೇಳಿದ್ದ ಎರಡು ಸಾಲು ಮರೆತೇಹೋಯಿತು.

ನಾಲ್ಕು ದಿನಕ್ಕೆ ಉತ್ತರ ಬಂತು. ನೋಡಬೇಕಾಗಿದ್ದವರು ಹಿಮ ಬೀಳುವ ದೇಶದ ಒಂದು ಊರಿನವರು, ಮತ್ತೆ ಯಾವುದೋ ಬಂದರಿನವರು. ಕಾಗದ ಇಬ್ಬರಿಗೂ ಬಹಳ ಹಿಡಿಸಿತ್ತು. ಆದರೆ ಪುಟ ತೆರೆದರೆ ಕತ್ತಲೆ, ಮೂರು ಸಲ ತೆರೆದೆವು, ಏನೂ ಆಗುತ್ತಿಲ್ಲ, ಏನಾದರೂ ಕೆಟ್ಟಿದೆಯೆ ಎಂದು ವಿನಯದಿಂದ ಕೇಳಿದ್ದರು.

'ಹೊತ್ತಿಗೆ ಬನ್ನಿ' ಎಂದು ಆಗ ಬರೆದಿದ್ದರೂ ಸಾಕಿತ್ತು. ನನಗೆ ನಾಚಿಕೆಯಾಯಿತು. ಊರ ಮರ್ಯಾದೆ ಹೋಗುತ್ತಿದೆ ಎಂಬ ಭ್ರಮೆ. ಮಾಲೀಕರು ಬೇರೆ ಗಾಯಕ್ಕೆ ಉಪ್ಪು ಸುರಿದರು.

'ಭಾಯ್, ಕತ್ತಲೆ ನೋಡೋಕೆ ಇಂಟರ್ನೆಟ್ ಯಾಕೆ? ಕರೆಂಟ್ ಹೋದ್ರೆ ಇಲ್ಲೇ ಪುಕ್ಕಟೆ ಸಿಗುತ್ತಲ್ಲ.'

ಪಾಸ್‌ವರ್ಡಿನ ಚೀಟಿ ಜೇಬಿನಲ್ಲೇ ಇತ್ತು. ಪುಟವನ್ನು ಬಿಚ್ಚಿ ಅಕ್ಕನ ಗಡಿಯಾರವನ್ನು ಕಿತ್ತೆ. ಅವರ ಒಂದಿಡೀ ದಿನವನ್ನು ಅರ್ಧ ನಿಮಿಷಕ್ಕೆ ಇಳಿಸಿದೆ. ಇಪ್ಪತ್ತೊಂದು ಕಿಟಕಿ ಪಟಪಟ ಹತ್ತಿ ಆರತೊಡಗಿದವು. ಕೆಳಗಿನ ಸಾಲಿನ ಕೊನೆಯದೊಂದು ಮಾತ್ರ ಕಪ್ಪಾಗಿಯೇ ಉಳಿಯಿತು. ನೋಡಿದರೆ ಅದಕ್ಕೆ ಹೊತ್ತೇ ಕೊಟ್ಟಿರಲಿಲ್ಲ, ಆ ಜಾಗ ಖಾಲಿ. ಪಾಪ, ಅಕ್ಕ ಒಂದು ಸಾಲು ಮರೆತಿದ್ದಾರೆ ಎಂದುಕೊಂಡೆ. ಕಲಿಸಿದ ಗುರುವಿನ ತಪ್ಪು ತಿದ್ದುವ ಭಾಗ್ಯ ಎಷ್ಟು ಶಿಷ್ಯರಿಗೆ ಸಿಗುತ್ತದೆ! ಪಕ್ಕದ ಕಿಟಕಿಯ ಹೊತ್ತನ್ನೇ ನಕಲು ಮಾಡಿ ಅದಕ್ಕೂ ದೀಪ ಹಾಕಿದೆ. ಆಮೇಲೆ ಎದ್ದು ಕಾಫಿ ಕುಡಿದು ಬಂದೆ, ಬಹಳ ರುಚಿಯಾಗಿತ್ತು.

ವಾರದೊಳಗೆ ಎರಡೂ ಊರಿನವರು ಒಪ್ಪಿದರು. ಪ್ರತಿ ಉಗ್ರಾಣಕ್ಕೆ ಹೋಯಿತು. ನಾನು ಭದ್ರಾವತಿಗೆ ಹೋಗಿ ಸುದ್ದಿ ಹೇಳಿದಾಗ ಅಕ್ಕ ಸೀಮೆಸುಣ್ಣ ಕೆಳಗಿಟ್ಟು ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟರು. ಬೋರ್ಡು ನೋಡುತ್ತಲೇ, 'ಎಷ್ಟು ಗಂಟೆಗೆ ನೋಡಿದ್ರಂತೆ?' ಎಂದು ಕೇಳಿದರು. 'ಸರಿಯಾದ ಹೊತ್ತಿಗೇ ಅಕ್ಕ' ಎಂದೆ. ಆ ಸುಳ್ಳಿಗೆ ನಾನು ಯಾರ ದನಿಯನ್ನೂ ಎರವಲು ತರಲಿಲ್ಲ. ನನ್ನದೇ ದನಿ. ಎಷ್ಟು ಸಲೀಸಾಗಿ ಬಂತು!

ಅದೇ ವಾರ ಸೆಂಟರಿಗೆ ಫೋನ್ ಲೈನು, ಅದರ ಹಿಂದೆಯೇ ಇಂಟರ್ನೆಟ್ಟು ಬಂತು. ಇದು ನನ್ನ ಲೆಕ್ಕದಲ್ಲಿರಲಿಲ್ಲ. ಶನಿವಾರ ಸಂಜೆ ಆರೂವರೆಗೆ ಎಲ್ಲರೂ ಬನ್ನಿ, ನಿಮ್ಮ ಕಿಟಕಿ ತೋರಿಸುತ್ತೇನೆ ಎಂದು ಅಕ್ಕ ಬೀದಿಯವರನ್ನೆಲ್ಲ ಕರೆದಿದ್ದಾರೆಂದು ನನಗೆ ತಿಳಿದದ್ದು ಶನಿವಾರ, ಅವರು ಕರೆದರೆಂದು ನಾನೂ ಅಲ್ಲಿಗೆ ಹೋಗಿ ನಿಂತ ಮೇಲೆ. ಜನ್ನಾಪುರದಿಂದ ಹತ್ತು ಹನ್ನೆರಡು ಹೆಂಗಸರು ಸೀರೆ ಬದಲಾಯಿಸಿ, ಕೆಲವರು ಹೂ ಮುಡಿದು ಬಂದಿದ್ದರು. ಒಬ್ಬರು, 'ಮನೇಲಿ ಲೈಟ್ ಹಾಕೇ ಬಂದಿದ್ದೀನಿ ಕಣ್ರೀ, ಇಲ್ಲೂ ಹತ್ತುತ್ತಾ ನೋಡೋಣ' ಎಂದರು. 'ನಿಮ್ಮೆಜಮಾನ್ರು ಆರಿಸಿರ್ತಾರೆ ಬಿಡಿ, ಬಿಲ್ಲಿಗೆ ಹೆದರ್ಕೊಂಡು' ಎಂದು ಇನ್ನೊಬ್ಬರು. ಅಕ್ಕನ ತಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಗೋಡೆ ಗಡಿಯಾರಕ್ಕೆ ತಮ್ಮ ವಾಚು ತಾಳೆ ನೋಡಿದರು. ಎಲ್ಲರಿಗಿಂತ ಮುಂದೆ, ಕುರ್ಚಿಯಲ್ಲಿ, ಬೀದಿಯ ಕೊನೆ ಮನೆಯ ತಮಿಳು ಅಜ್ಜಿ. ಬೀದಿಗೆಲ್ಲ ಅವರು ಪಾಟಿ.

'ಅಕ್ಕ, ಒಂದ್ನಿಮಿಷ ಹೊರಗೆ ಬನ್ನಿ' ಎಂದೆ.

'ಆರೂವರೆ ಆಯ್ತು ಕಣೋ, ಆಮೇಲೆ.'

ಪುಟ ತೆರೆಯಿತು. ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಇಪ್ಪತ್ತೆರಡೂ ಕಿಟಕಿ ಮಿನುಗಿ ಮಿನುಗಿ ಆರುತ್ತಿದ್ದವು. ಮೊದಲು ಹೆಂಗಸರು ನಕ್ಕರು. 'ಏನ್ರೀ ಇದು, ಮನೇಲಿ ಮಕ್ಕಳು ಸ್ವಿಚ್ ಜೊತೆ ಆಟ ಆಡಿದ ಹಾಗೆ.' ಅಕ್ಕ ಕೀಬೋರ್ಡಿನ ಮೇಲಿಂದ ಕೈ ತೆಗೆದು ಪರದೆಯನ್ನೇ ನೋಡುತ್ತಿದ್ದರು. ಅವರ ತಂದೆ ಇನ್ನೊಮ್ಮೆ ವಾಚು ನೋಡಿಕೊಂಡರು, ತಪ್ಪು ಅದರದ್ದೇ ಇರಬಹುದು ಎನ್ನುವ ಹಾಗೆ.

'ಎನ್ ಜನ್ನಲ್ ಎಂಗಮ್ಮಾ?' ಎಂದರು ಪಾಟಿ. ನನ್ನ ಕಿಟಕಿ ಎಲ್ಲಿ ಎಂದು ಕೇಳಿದ್ದು.

ಪಾಟಿಯೇ ಮುಂದಕ್ಕೆ ಬಾಗಿ ಕೆಳಸಾಲಿನ ಕೊನೆಯದನ್ನು ಹುಡುಕಿಕೊಂಡರು. ಅದರ ಒಂದು ಸರಳು ಸೊಟ್ಟಗಿತ್ತು, ಗುರುತು ಸಿಕ್ಕಿತು. ಅದು ಹತ್ತಿತು, ಆರಿತು, ಮತ್ತೆ ಹತ್ತಿತು.

'ಯಾರಮ್ಮಾ ನಮ್ಮನೇಲಿ ಲೈಟ್ ಹಾಕಿದ್ದು?'

ಯಾರೂ ನಗಲಿಲ್ಲ. ಬೀದಿಯವರಿಗೆಲ್ಲ ಗೊತ್ತಿದ್ದುದು ನನಗೆ ಗೊತ್ತಾಗಿದ್ದು ಆಗ. ಪಾಟಿಯ ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಪಾಳಿಯಿಂದ ಬರುವವರು ಇಲ್ಲ ಎಂದಾದ ಮೇಲೆ ಅವರು ಅಡುಗೆಮನೆಯಲ್ಲಿ ದೀಪ ಹಾಕಿದವರಲ್ಲ. ಹಗಲಲ್ಲೇ ಒಂದು ಹೊತ್ತು ಬೇಯಿಸಿ, ಸಂಜೆಯಾಗುತ್ತಲೇ ಆ ಬಾಗಿಲು ಮುಚ್ಚುತ್ತಿದ್ದರು. ಅಕ್ಕ ಒಪ್ಪಿಗೆ ಕೇಳಲು ಹೋದಾಗ, 'ಹಾಕಮ್ಮ, ಆದ್ರೆ ಕತ್ಲೆ ಹಾಕು. ಪೊಯ್ ವೇಣಾಂ' ಎಂದಿದ್ದರಂತೆ. ಸುಳ್ಳು ಬೇಡ ಎಂದು. ಆ ಇಪ್ಪತ್ತೆರಡರಲ್ಲಿ ಆ ಒಂದಕ್ಕೆ ಹೊತ್ತು ಕೊಡದೆ ಬಿಟ್ಟದ್ದೇ ಅಕ್ಕನ ಇಡೀ ಕೆಲಸದ ಬೇರು. ನಾನು ತಿದ್ದಿದ್ದು ಅದನ್ನು.

ಪಾಟಿ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಉಳಿದವರೂ ಒಬ್ಬೊಬ್ಬರಾಗಿ, 'ಬರ್ತೀವಮ್ಮ' ಎಂದು ಹೊರಟರು. ಅಕ್ಕ ನನ್ನನ್ನು ಬೈಯಲಿಲ್ಲ. ಪುಟವನ್ನು ಬಿಚ್ಚಿ ನಾನು ಸೇರಿಸಿದ್ದನ್ನೆಲ್ಲ ಒಂದೊಂದು ಸಾಲಾಗಿ ಓದಿದರು. ಉತ್ತರಪತ್ರಿಕೆ ತಿದ್ದುವ ಹಾಗೆ. ಆಮೇಲೆ, 'ಕಾಗದ ಏನು ಬರ್ದೆ ತೋರ್ಸು' ಎಂದರು. ತೋರಿಸಿದೆ. 'ಕುಲುಮೆಯ ಮಗಳು' ಎಂಬುದನ್ನು ಅಲ್ಲೇ ಉಳಿದಿದ್ದ ತಮ್ಮ ತಂದೆಗೆ ಕನ್ನಡದಲ್ಲಿ ಓದಿ ಹೇಳಿದರು. ಅವರು ನನ್ನ ಕಡೆ ನೋಡಿ, 'ನಾನು ಟೈಮ್ ಆಫೀಸಲ್ಲಿದ್ದೆ ಕಣಪ್ಪ' ಎಂದರು. ಅಷ್ಟೆ.

ತಮ್ಮ ಪುಟವನ್ನು ಅಕ್ಕ ಆವತ್ತೇ ಮೊದಲಿನ ಹಾಗೆ ಮಾಡಿದರು. ಉಗ್ರಾಣದ ಪ್ರತಿಗೆ ಮಾತ್ರ ಅವರ ಕೈ ಎಟುಕುವಂತಿರಲಿಲ್ಲ. ಜಾಲದವರಿಗೆ ತಾವೇ ಬರೆದರು. ಐದು ಸಾಲು, ಪಾಠದ ಪುಸ್ತಕದ ಇಂಗ್ಲಿಷು. ಇದು ನಾನು ಮಾಡಿದ್ದಲ್ಲ, ಕಾಗದ ನನ್ನದಲ್ಲ, ಒಂದು ಕಿಟಕಿ ಕತ್ತಲಾಗಿರಬೇಕು, ದಯವಿಟ್ಟು ಬದಲಾಯಿಸಿ.

ಬಂದ ಉತ್ತರದ ಒಂದು ಮಾತು ಇವತ್ತಿಗೂ ನನಗೆ ಬಾಯಿಪಾಠ, ಅಭಿನಯಿಸುವ ಧೈರ್ಯ ಮಾತ್ರ ಬಂದಿಲ್ಲ. ಈಗ ಬಂದ ಈ ಕಾಗದದ ದನಿ ನಮಗೆ ಪರಿಚಿತರಾದ ಆ ಕಲಾವಿದೆಯ ದನಿಯ ಹಾಗಿಲ್ಲ, ಬರೆದವರು ಯಾರೆಂದು ನಿಮ್ಮ ಊರಿನ ಗುಂಪು ಖಚಿತಪಡಿಸಲಿ, ಎಂದಿದ್ದರು. ಊರಿನ ಗುಂಪು ಎಂದರೆ ನಾನು. ಅಕ್ಕ ಅಕ್ಕನೇ ಹೌದು ಎಂದು ನಾನು ದೃಢೀಕರಿಸಬೇಕಿತ್ತು.

ಈ ಸಲ ತಪ್ಪೊಪ್ಪಿಕೊಂಡು ಬರೆದೆ. ಏನೂ ಮುಚ್ಚಿಡಲಿಲ್ಲ. ಆಗ ಜಾಲದಲ್ಲಿ ಚರ್ಚೆಯೋ ಚರ್ಚೆ. ಎಲ್ಲ ಊರಿನವರೂ ಬರೆದರು. ನಿಯಮ ಮುರಿದರೆ ನಾಳೆ ಎಲ್ಲರೂ ಬದಲಾಯಿಸು ಎನ್ನುತ್ತಾರೆ ಎಂದರು ಕೆಲವರು. ಒಬ್ಬ ಮಹಾಶಯರಿಗೆ ನನ್ನ ತಪ್ಪೊಪ್ಪಿಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಈ ಕೈವಾಡವೂ ಈಗ ಕೃತಿಯ ಭಾಗವೇ ಅಲ್ಲವೆ ಎಂದರು. ಉಳಿದವರು ತಲೆದೂಗಿದರು. ಕೊನೆಗೆ ಪ್ರತಿಯನ್ನು ಹಾಗೇ ಬಿಟ್ಟು ಅದರ ಕೆಳಗೆ ಒಂದು ಸಾಲು ಸೇರಿಸಿದರು, ಇದು ಇಬ್ಬರು ಕೂಡಿ ಮಾಡಿದ್ದು ಎಂದು. ಅಕ್ಕನ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಬಂತು. ಕ್ಷಮೆ ಕೇಳಲು ಹೋದವನಿಗೆ ಬಹುಮಾನ. ಕೆಫೆ ಮಾಲೀಕರು ಆ ಹಾಳೆಯನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರು. ನಾನು ಕಿತ್ತೆ. 'ಯಾಕೆ ಭಾಯ್, ಹೆಸರು ಬಂದಿದೆಯಲ್ಲ?' ಎಂದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗೂ ಇರಲಿಲ್ಲ.

ಒಂದು ವರ್ಷದೊಳಗೆ ಅಕ್ಕ ಪುಟ ಇಟ್ಟಿದ್ದ ಪುಕ್ಕಟೆ ಜಾಗ ಮುಚ್ಚಿಹೋಯಿತು. ಜೊತೆಗೆ ಆ ಪುಟವೂ. ಫ್ಲಾಪಿ ಹಾಕಿದರೆ ಕರಕರ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಜಾಲದವರು ಹೆದರಿದ್ದು ಸರಿಯಾಗಿಯೇ ಇತ್ತು, ಕಾಪಾಡಿಕೊಂಡಿದ್ದು ಮಾತ್ರ ನನ್ನದನ್ನು. ಪಾಟಿಯ ಕಿಟಕಿ ಎಂಬುದೊಂದು ಈಗ ಲೋಕದಲ್ಲಿ ಉಳಿದಿದ್ದರೆ ಅದರಲ್ಲಿ ದೀಪ ಹತ್ತಿ ಆರುತ್ತಲೇ ಇದೆ.

ಆ ಸುದ್ದಿ ತಿಳಿದ ಭಾನುವಾರ ಜನ್ನಾಪುರದ ಅಕ್ಕನ ಮನೆಗೆ ಹೋದೆ. ಅಕ್ಕ ಮತ್ತು ಪಾಟಿ ಮುಂಬಾಗಿಲ ಒಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂತ್ಕೋ ಎನ್ನಲಿಲ್ಲ, ಆದರೂ ಕೂತೆ. ನೋಟ್‌ಬುಕ್ ಇದೆಯಲ್ಲ ಅಕ್ಕ, ಮತ್ತೆ ಮಾಡೋಣ, ಎಲ್ಲಾ ನಾನೇ ಟೈಪ್ ಮಾಡ್ತೀನಿ ಎಂದೆ. ಅಕ್ಕ ಕಾಳು ಬಿಡಿಸುತ್ತಲೇ ಇದ್ದರು.

'ಆ ನೋಟ್‌ಬುಕ್ಕಲ್ಲಿರೋ ಮನೆಗಳಲ್ಲಿ ಎಂಟು ಖಾಲಿಯಾಗಿವೆ. ಯಾವ ಹೊತ್ತು ಅಂತ ಹಾಕ್ತೀಯ?'

ಸಿಕ್ಕಿಬಿದ್ದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಅಕ್ಕ ಮೊದಲೆಲ್ಲ ನನ್ನನ್ನು ಗದರಿಸಿ ಕೊನೆಗೆ ನಗುತ್ತಿದ್ದ ರೀತಿ ನನಗೆ ಚೆನ್ನಾಗಿ ಬರುತ್ತಿತ್ತು. ಕತ್ತನ್ನು ಅವರ ಹಾಗೆ ಒಂದು ಕಡೆ ವಾಲಿಸಿ, ಅವರದೇ ದನಿಯಲ್ಲಿ, 'ಹೋಗ್ಲಿ ಬಿಡು ಮಾರಾಯ, ಆಗಿದ್ದು ಆಯ್ತು, ಇನ್ನೊಂದ್ಸಲ ಹೀಗೆ ಮಾಡ್ಬೇಡ' ಎಂದೆ. ಬಹಳ ಚೆನ್ನಾಗಿ ಬಂತು. ಪಾಟಿ ಕೂಡ ತಲೆಯೆತ್ತಿ ಅಕ್ಕನ ಬಾಯಿ ನೋಡಿದರು.

ಅಕ್ಕ ಮಡಿಲ ಸಿಪ್ಪೆ ಕೊಡವಿ ಎದ್ದರು.

'ಕಾಗದಾನೂ ನನ್ನ ದನೀಲಿ ನೀನೇ ಬರ್ದೆ, ಈಗ ಕ್ಷಮಿಸಿದ್ದೂ ನನ್ನ ದನೀಲಿ ನೀನೇ ಹೇಳ್ಕೊಂಡೆ. ಇನ್ನು ನಾನ್ಯಾಕಪ್ಪ ಬೇಕು? ಹೋಗ್ತಾ ಬಾಗ್ಲು ಹಾಕ್ಕೊಂಡು ಹೋಗು.'